ಟೋಟಲ್ ಲಾಸ್ ಆಗಿದ್ದ ಸ್ಪೋರ್ಟ್ಸ್ ಕಾರು ಅರ್ಧ ಬೆಲೆಗೆ ಸಿಗುತ್ತಿದೆ, ನಾನಿರೋದು ದಾವಣಗೆರೆ, ತಗೊಳ್ಳಬಹುದಾ?

ಮೊದಲು ಯಾಕೆ ಟೋಟಲ್ ಲಾಸ್ ಆಯ್ತು ಅಂತ ಕೇಳಿ. ರಿಪೇರಿ ಖರ್ಚು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಬರೆದ ಗಾಡಿ ಬೆಲೆಯ 75% ದಾಟಿದರೆ ಇನ್ಶೂರೆನ್ಸ್‌ನವರು ಹಾಗೆ ಬರೆಯುತ್ತಾರೆ. ಇಂಥ ಕಾರಿನ ಹೆಡ್‌ಲೈಟು, ಏರ್‌ಬ್ಯಾಗೇ ಅಷ್ಟು ದುಬಾರಿ, ಹಳೇ ಗಾಡಿಯಾದರೆ ಚಾಸಿ ನೆಟ್ಟಗಿದ್ದರೂ ಲೆಕ್ಕ ಅಲ್ಲಿಗೆ ಮುಟ್ಟಬಹುದು. ಅದು ಪರವಾಗಿಲ್ಲ. ಚಾಸಿ ಬಾಗಿದ್ದರೆ ಅಥವಾ ನೀರಲ್ಲಿ ಮುಳುಗಿದ್ದರೆ ನಾನಂತೂ ಮುಟ್ಟುವುದಿಲ್ಲ. 2022ರ ಬೆಂಗಳೂರು ಮಳೆಯಲ್ಲಿ ದೊಡ್ಡ ದೊಡ್ಡ ಕಾರುಗಳೇ ಮುಳುಗಿದ್ದವು, ನೆನಪಿದೆ ಅಲ್ವಾ? ನೀರು ಹೊಕ್ಕ ವೈರಿಂಗ್ ನಿಧಾನಕ್ಕೆ ತುಕ್ಕು ಹಿಡಿಯುತ್ತದೆ, ಇವತ್ತು ಚೆನ್ನಾಗಿ ಓಡಿದ ಗಾಡಿ ನಾಳೆ ಹಿರಿಯೂರು ಹತ್ತಿರ ಹೈವೇಯಲ್ಲಿ ಸುಮ್ನೆ ನಿಂತುಬಿಟ್ಟರೆ ಏನು ಮಾಡುತ್ತೀರಿ?

ಪೇಂಟಿನ ಹೊಳಪು ನೋಡಬೇಡಿ. ಇನ್ಶೂರೆನ್ಸ್ ಸರ್ವೇಯರ್ ರಿಪೋರ್ಟು, ಅಪಘಾತದ ಫೋಟೋ ಕೇಳಿ, ಕೊಡದಿದ್ದರೆ ಎದ್ದು ಬನ್ನಿ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಆರ್‌ಸಿ ಚಾಲ್ತಿಯಲ್ಲಿದೆಯಾ ನೋಡಿ. ರದ್ದಾಗಿದ್ದರೆ ನೀವು ಕೊಳ್ಳುತ್ತಿರುವುದು ಬರೀ ಸ್ಪೇರ್ ಪಾರ್ಟ್ಸು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸು ಸೇರಿಸಿ ಲೆಕ್ಕ ಹಾಕಿ, ಅರ್ಧ ಬೆಲೆ ಅಷ್ಟೇನೂ ಅರ್ಧವಾಗಿ ಉಳಿಯಲ್ಲ. ಅಡ್ವಾನ್ಸ್ ಕೊಡುವ ಮೊದಲೇ ಇನ್ಶೂರೆನ್ಸ್ ಕಂಪನಿಗೆ ಹಳೇ ಕಥೆ ಹೇಳಿ, ಫುಲ್ ಕವರ್ ಕೊಡುತ್ತೀರಾ ಅಂತ ಬರಹದಲ್ಲಿ ಕೇಳಿ. ಇಲ್ಲ ಅಂದರೆ ಬಿಟ್ಟುಬಿಡಿ.