ಫಿನ್ನಿ ಊರು ಬಿಡಲಿಲ್ಲ, ಬಿಡಲು ಕೊಡಲೂ ಇಲ್ಲ

ಮಾನ್ಯ ಸಂಪಾದಕರೇ,

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಆಟಗಾರ ಟಾಮ್ ಫಿನ್ನಿ ಬಗ್ಗೆ ಬಂದ ಲೇಖನ ಓದಿ ಮನಸ್ಸು ತುಂಬಿ ಬಂತು. ಹುಟ್ಟಿದೂರಿನ ಕ್ಲಬ್‌ಗೇ ಕೊನೆತನಕ ಆಡಿದರು. ಜೊತೆಗೆ ಪ್ಲಂಬಿಂಗ್ ಕೆಲಸ ಮಾಡಿಕೊಂಡು ಸರಳವಾಗಿ ಬದುಕಿದರು. ಈಗಿನವರು ಜಾಸ್ತಿ ಕೊಟ್ಟ ಕಡೆ ಹಾರುತ್ತಾರೆ. ಫಿನ್ನಿಯವರ ನಿಷ್ಠೆಯನ್ನು ಇಂದಿನ ಮಕ್ಕಳಿಗೆ ಪಾಠವಾಗಿ ಇಡಬೇಕಲ್ಲವೇ?

– ನಿವೃತ್ತ ಶಿಕ್ಷಕರು, ಹಾಸನ

ಮೇಷ್ಟ್ರೇ,

ಫಿನ್ನಿ ಮೇಲಿನ ನಿಮ್ಮ ಅಭಿಮಾನಕ್ಕೆ ನನ್ನದನ್ನೂ ಸೇರಿಸಿಕೊಳ್ಳಿ. ಹುಟ್ಟಿದೂರು ಪ್ರೆಸ್ಟನ್, ಅಲ್ಲಿನ ಕ್ಲಬ್ ಅಂದರೆ ಅವರಿಗೆ ಪ್ರಾಣ. ಹುಟ್ಟಿದ್ದೇ ಕ್ಲಬ್ಬಿನ ಡೀಪ್‌ಡೇಲ್ ಮೈದಾನದ ಹತ್ತಿರ, 1922ರಲ್ಲಿ. ಅಲ್ಲೇ ಆಡಿದರು, ಅಲ್ಲೇ ಬಾಳಿದರು. ಇಷ್ಟು ಒಪ್ಪಿದೆ. ಆದರೆ ಪಾಠ ಮಾಡುವ ಮುಂಚೆ ಉಳಿದ ಅರ್ಧ ಕತೆಯನ್ನೂ ಮಕ್ಕಳಿಗೆ ಹೇಳಬೇಕು, ಅಲ್ವಾ?

1952ರಲ್ಲಿ ಇಂಗ್ಲೆಂಡ್ ತಂಡ ಇಟಲಿಗೆ ಹೋಗಿತ್ತು. ಅಲ್ಲಿ ಪಲೆರ್ಮೊ ಕ್ಲಬ್ಬಿನ ಅಧ್ಯಕ್ಷರು ಫಿನ್ನಿಯನ್ನು ಕರೆದರು. ಸಹಿ ಹಾಕಿದರೆ 10,000 ಪೌಂಡ್. ತಿಂಗಳಿಗೆ 130 ಪೌಂಡ್ ಸಂಬಳ, ಮೇಲೆ ಬೋನಸ್. ಇರಲು ಬಂಗಲೆ, ಓಡಾಡಲು ಕಾರು. ಆಗ ಇಂಗ್ಲೆಂಡಿನಲ್ಲಿ ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ 14 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಲೀಗ್ ನಿಯಮವೇ ಹಾಗಿತ್ತು. ನೀವು ಮೇಷ್ಟ್ರು, ಲೆಕ್ಕ ಹಾಕಿ ನೋಡಿ: ಆ 10,000 ಪೌಂಡ್ ದುಡಿಯಲು ಅವರಿಗೆ ಹದಿಮೂರು ವರ್ಷಕ್ಕೂ ಜಾಸ್ತಿ ಬೇಕಿತ್ತು. ಆಗಲೇ ಅವರಿಗೆ ಮೂವತ್ತು ದಾಟಿತ್ತು.

ಫಿನ್ನಿ ಊರಿಗೆ ಬಂದು ಕ್ಲಬ್ಬಿನ ಅಧ್ಯಕ್ಷರನ್ನು ಕೇಳಿದರು. ನೀನು ನಮಗೆ ಆಡದಿದ್ದರೆ ಯಾರಿಗೂ ಆಡುವುದಿಲ್ಲ ಎಂಬರ್ಥದ ಉತ್ತರ ಬಂತು. ಮಾತು ಅಲ್ಲಿಗೆ ಮುಗಿಯಿತು.

ಅದು ಬರೀ ಗದರಿಕೆ ಆಗಿರಲಿಲ್ಲ. ಒಪ್ಪಂದದ ಅವಧಿ ಮುಗಿದ ಮೇಲೂ ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಇರುತ್ತಿತ್ತು. ಕ್ಲಬ್ ಕೊಟ್ಟಷ್ಟಕ್ಕೆ ಒಪ್ಪಿ ಸಹಿ ಹಾಕಬೇಕು, ಇಲ್ಲವೇ ಸಂಬಳವೂ ಇಲ್ಲದೆ ಮನೆಯಲ್ಲಿ ಕೂರಬೇಕು. ಬೇರೆ ಕ್ಲಬ್ಬು ಅವನನ್ನು ಮುಟ್ಟುವ ಹಾಗಿರಲಿಲ್ಲ. ಹೇಳದೆ ಕೇಳದೆ ಹೋದವರ ಗತಿ ಏನಾಯಿತು ಎಂಬುದೂ ಫಿನ್ನಿಯ ಕಣ್ಣೆದುರಿಗೇ ಇತ್ತು. 1950ರಲ್ಲಿ ನೀಲ್ ಫ್ರಾಂಕ್ಲಿನ್ ಎಂಬ ಇಂಗ್ಲೆಂಡಿನ ಅತ್ಯುತ್ತಮ ಡಿಫೆಂಡರ್ ಕೊಲಂಬಿಯಾದ ಬೊಗೊಟಾಕ್ಕೆ ಹೋದರು. ಕೆಲವೇ ತಿಂಗಳಲ್ಲಿ ವಾಪಸ್ ಬಂದರು. ಬಂದವರನ್ನು ಅಮಾನತು ಮಾಡಿದರು. ಆಮೇಲೆ ಅವರು ಇಂಗ್ಲೆಂಡ್ ಪರವಾಗಿ ಒಂದು ಪಂದ್ಯವನ್ನೂ ಆಡಲಿಲ್ಲ.

ಹಾಗಾಗಿ ಫಿನ್ನಿಯ ನಿಷ್ಠೆಯನ್ನು ಪಾಠ ಮಾಡಿ ಎಂದಾಗ ನನಗೆ ಸಂಕಟವಾಗುತ್ತದೆ. ಗೂಟಕ್ಕೆ ಕಟ್ಟಿದ ಹಸು ಹಟ್ಟಿ ಬಿಟ್ಟು ಹೋಗಲಿಲ್ಲ ಎಂದು ಹೊಗಳಿದ ಹಾಗಿದೆ. ಹಸುವಿಗೆ ಹಟ್ಟಿಯ ಮೇಲೆ ನಿಜವಾಗಿಯೂ ಪ್ರೀತಿ ಇದ್ದಿರಬಹುದು. ಹಾಗಂತ ಹಗ್ಗ ಇರಲೇ ಇಲ್ಲ ಅನ್ನಬಾರದು.

ಕ್ಲಬ್ಬುಗಳ ನಿಷ್ಠೆಯನ್ನೂ ಸ್ವಲ್ಪ ನೋಡಿ. 1956ರಲ್ಲಿ ಲೀಡ್ಸ್ ಕ್ಲಬ್ಬಿನ ಸ್ಟ್ಯಾಂಡ್ ಬೆಂಕಿಗೆ ಬಿತ್ತು. ಕಟ್ಟಲು ದುಡ್ಡು ಬೇಕಾಯಿತು. ಮರುವರ್ಷವೇ ತನ್ನ ಮುತ್ತಿನಂಥ ಆಟಗಾರ ಜಾನ್ ಚಾರ್ಲ್ಸ್‌ರನ್ನು 65,000 ಪೌಂಡಿಗೆ ಇಟಲಿಯ ಯುವೆಂಟಸ್‌ಗೆ ಮಾರಿತು. ಕ್ಲಬ್ಬಿಗೆ ದುಡ್ಡು ಬೇಕಾದಾಗ ಇಟಲಿಯ ದಾರಿ ತಾನಾಗಿಯೇ ತೆರೆಯಿತು!

ಬೊಕ್ಕಸ ಬರಿದಾಗಿತ್ತೇ ಅಂದರೆ ಅದೂ ಇಲ್ಲ. 1948-49ರ ಒಂದೇ ಸಾಲಿನಲ್ಲಿ ಲೀಗ್ ಪಂದ್ಯಗಳಿಗೆ ಬಂದ ಜನ 4 ಕೋಟಿ 10 ಲಕ್ಷಕ್ಕೂ ಹೆಚ್ಚು. ಅವರು ಟಿಕೆಟ್ ಕೊಂಡದ್ದು ನಿರ್ದೇಶಕರ ಮುಖ ನೋಡಲಿಕ್ಕಲ್ಲ, ಫಿನ್ನಿಯಂಥವರ ಕಾಲ್ಚಳಕ ನೋಡಲಿಕ್ಕೆ.

ಎಂಥಾ ಆಟ ಅದು, ಮೇಷ್ಟ್ರೇ! ಹುಟ್ಟು ಎಡಗಾಲಿನವರು, ಬಲಗಾಲನ್ನು ಸಾಧನೆಯಿಂದ ಪಳಗಿಸಿಕೊಂಡರು. ಎಡ ಅಂಚಿನಲ್ಲೂ ಸೈ, ಬಲ ಅಂಚಿನಲ್ಲೂ ಸೈ, ನಡುವೆ ನಿಲ್ಲಿಸಿದರೆ ಅಲ್ಲೂ ಸೈ. ಹರೆಯವನ್ನೆಲ್ಲ ಯುದ್ಧ ತಿಂದು ಹಾಕಿತು. ಈಜಿಪ್ಟಿನಲ್ಲಿ, ಇಟಲಿಯಲ್ಲಿ ಟ್ಯಾಂಕ್ ಓಡಿಸಿ ಬಂದು ಮೊದಲ ಲೀಗ್ ಪಂದ್ಯ ಆಡುವಾಗ ವಯಸ್ಸು 24. ಆಮೇಲೂ ಪ್ರೆಸ್ಟನ್‌ಗೆ ಲೀಗಿನಲ್ಲಿ 187 ಗೋಲು, ಇಂಗ್ಲೆಂಡಿಗೆ 76 ಪಂದ್ಯಗಳಲ್ಲಿ 30 ಗೋಲು. ಒಮ್ಮೆಯೂ ರೆಫರಿಯಿಂದ ಎಚ್ಚರಿಕೆ ಪಡೆಯಲಿಲ್ಲ.

1956ರಲ್ಲಿ ಚೆಲ್ಸಿಯ ಸ್ಟ್ಯಾಂಫರ್ಡ್ ಬ್ರಿಜ್ ಮೈದಾನದಲ್ಲಿ ತೆಗೆದ ಫೋಟೊ ಸಿಕ್ಕರೆ ನೋಡಿ. ಮಳೆ ಬಂದು ಮೈದಾನ ಕೆರೆಯಾಗಿದೆ. ಫಿನ್ನಿ ನೀರಿನಲ್ಲಿ ಜಾರುತ್ತಾ ಚೆಂಡಿನ ಬೆನ್ನು ಹತ್ತಿದ್ದಾರೆ. ಮೈಸುತ್ತ ನೀರು ಗೋಡೆಯಂತೆ ಎದ್ದಿದೆ. ಆ ಕೆಸರಿನಲ್ಲಿ ತೊಪ್ಪೆಯಾದ ಬೂಟು ಹಾಕಿಕೊಂಡು ಓಡಿದ್ದಕ್ಕೆ ವಾರದ ಕೂಲಿ ಎಷ್ಟು ಅಂತ ಮೇಲೇ ಹೇಳಿದ್ದೇನಲ್ಲ. ನಡುವೆ ಒಂದೆರಡು ಪೌಂಡ್ ಏರಿತ್ತು, ಅಷ್ಟೇ. ಈಗ ಡೀಪ್‌ಡೇಲಿನ ಹೊರಗೆ ಅದೇ ಭಂಗಿಯ ಪ್ರತಿಮೆ ನಿಂತಿದೆ.

ಇನ್ನು ಪ್ಲಂಬಿಂಗ್ ವಿಷಯ. ಅದರಲ್ಲಿ ನಿಮಗೆ ಸರಳತೆ ಕಂಡಿತು. ನನಗೆ ಅವರಪ್ಪನ ಮುಂದಾಲೋಚನೆ ಕಾಣುತ್ತದೆ. ಮೊದಲು ಕೈಗೊಂದು ಕಸುಬು ಕಲಿ, ಆಮೇಲೆ ಆಟ ಎಂದು ಮಗನನ್ನು ಕೂರಿಸಿ ಕಲಿಸಿದರು. ಕಾಲು ಮುರಿದ ದಿನ ಕ್ಲಬ್ ಕೈಬಿಡುತ್ತದೆ ಎಂಬುದು ಆ ಊರಿನ ಕೂಲಿ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಬಡವರು ಭಯಕ್ಕೆ ಮಾಡಿಕೊಂಡ ಏರ್ಪಾಡನ್ನು ನಾವು ಸದ್ಗುಣ ಎಂದು ಹಾಡುತ್ತೇವೆ. ನಮ್ಮಲ್ಲಿ ನಾಟಕದವರಿಗೂ ಬರಹಗಾರರಿಗೂ ಇದೇ ಉಪದೇಶ. ಕಲೆಗಾಗಿ ಬದುಕಿ, ದುಡ್ಡಿನ ಮಾತು ಎತ್ತಬೇಡಿ ಅನ್ನುತ್ತೇವೆ. ಹಾಗೆ ಹೇಳುವವರ ಸಂಬಳ ಮಾತ್ರ ತಿಂಗಳು ತಿಂಗಳು ಸರಿಯಾಗಿ ಬರುತ್ತಿರುತ್ತದೆ.

ನಮ್ಮದೇ ಫುಟ್‌ಬಾಲ್ ನೋಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು 2-1ರಿಂದ ಸೋತಿತು. ಆ ತಂಡದ ಹಲವರು ಬರಿಗಾಲಲ್ಲಿ ಆಡಿದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್ ಎಂಬುದನ್ನು ಎಷ್ಟು ಜನ ಹೇಳುತ್ತಾರೆ? ಬರಿಗಾಲು ನೆನಪಿದೆ, ಗೋಲು ಮರೆತಿದೆ.

ಇಂಗ್ಲೆಂಡಿನಲ್ಲಿ ಆಟಗಾರರ ಸಂಘ ಮುಷ್ಕರಕ್ಕೆ ಸಜ್ಜಾದ ಮೇಲೆಯೇ, 1961ರ ಜನವರಿಯಲ್ಲಿ, ಸಂಬಳದ ಮಿತಿ ಹೋಯಿತು. ಫುಲ್‌ಹ್ಯಾಮ್‌ನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಸಿಕ್ಕಿತು. 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ಕೋರ್ಟಿನಲ್ಲಿ ಗೆದ್ದು ನೋಂದಣಿಯ ಹಗ್ಗವನ್ನೂ ಸಡಿಲಿಸಿದರು. ಫಿನ್ನಿ 1960ರಲ್ಲೇ ನಿವೃತ್ತರಾಗಿದ್ದರು. ಅವರು ಬಿಟ್ಟ ಮರುವರ್ಷವೇ ಪ್ರೆಸ್ಟನ್ ಕೆಳದರ್ಜೆಗೆ ಇಳಿಯಿತು, ಇವತ್ತಿಗೂ ಮೊದಲ ದರ್ಜೆಗೆ ಮತ್ತೆ ಹತ್ತಿಲ್ಲ. ವಾರಕ್ಕೆ 14 ಪೌಂಡ್ ಕೊಟ್ಟು ಯಾರನ್ನು ಇಟ್ಟುಕೊಂಡಿದ್ದೆವು ಎಂದು ಕ್ಲಬ್ಬಿಗೆ ಆಗ ಗೊತ್ತಾಗಿರಬೇಕು.

ಪಾಠ ಖಂಡಿತ ಮಾಡಿ, ಮೇಷ್ಟ್ರೇ. ನಿಮ್ಮಂಥವರೇ ಮಾಡಬೇಕು. ಆದರೆ ಪಲೆರ್ಮೊದ ಕತೆಯನ್ನು ಬಿಡಬೇಡಿ. ಹಾಗೆಯೇ ಹಾಸನದಲ್ಲಾಗಲಿ ಬೆಂಗಳೂರಿನಲ್ಲಾಗಲಿ ರಾಮನ್ ಅವರ ಆಟ ನೋಡಿದ ಹಿರಿಯರು, ಅವರಿಂದ ಕೇಳಿದ ಮಕ್ಕಳು ಮೊಮ್ಮಕ್ಕಳು ಇದ್ದರೆ ಬರೆದು ಕಳಿಸಲು ಹೇಳಿ. ಎಷ್ಟು ಪುಟವಾದರೂ ಸರಿ, ಅಚ್ಚು ಹಾಕುತ್ತೇವೆ. ಸಂಭಾವನೆಯನ್ನೂ ಕೊಡುತ್ತೇವೆ.

– ಸಂಪಾದಕ