ಎಎಂಎಚ್ 0.8 ಬಂದಿದೆ, ಗಂಡನಿಗೆ ಹೇಳಲೇ?

ಪ್ರಶ್ನೆ: ನನಗೆ 32 ವರ್ಷ. ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿದ್ದೇವೆ. ಆಫೀಸಿನ ಹೆಲ್ತ್ ಚೆಕಪ್ ಜೊತೆ ಎಎಂಎಚ್ ಟೆಸ್ಟ್ (ಅಂಡಾಶಯದಲ್ಲಿ ಎಷ್ಟು ಮೊಟ್ಟೆ ಉಳಿದಿದೆ ಎಂದು ಅಂದಾಜಿಸುವ ರಕ್ತಪರೀಕ್ಷೆ) ಕೂಡ ಮಾಡಿಸಿದೆ, 0.8 ಬಂತು, ಇದು ಕಡಿಮೆಯಂತೆ. ಆಗ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಅದನ್ನು ನಿಲ್ಲಿಸಿ ಎರಡು ತಿಂಗಳಾಯಿತು. ಮುಟ್ಟು ಸರಿಯಾಗಿ ಆಗುತ್ತಿದೆ. ಒಂದು ಕ್ಲಿನಿಕ್‌ನವರು ‘ಮೊಟ್ಟೆ ಮುಗಿಯುತ್ತಾ ಬಂದಿದೆ, ಕೂಡಲೇ ಐವಿಎಫ್ (ಟೆಸ್ಟ್ ಟ್ಯೂಬ್ ಬೇಬಿ ಚಿಕಿತ್ಸೆ) ಮಾಡಿಸಿ’ ಎಂದರು. ಗಂಡನಿಗೆ ಹೇಳಿಲ್ಲ. ಕುಂದಾಪುರದಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ ‘ಏನಾದ್ರೂ ವಿಶೇಷ ಉಂಟಾ?’ ಎಂದು ಕೇಳುತ್ತಾರೆ. ನನಗೆ ಮಕ್ಕಳಾಗುವುದಿಲ್ಲವೇ?

ಉತ್ತರ: ಆ ರಿಪೋರ್ಟ್ ಹಾಗೆ ಹೇಳಿಲ್ಲ. ಹಾಗೆ ಹೇಳುವ ಶಕ್ತಿಯೂ ಆ ಟೆಸ್ಟ್‌ಗೆ ಇಲ್ಲ. ಇಷ್ಟು ದಿನ ಒಬ್ಬರೇ ಈ ಭಯ ಹೊತ್ತು ಲೋಕಲ್ ಟ್ರೇನ್ ಹತ್ತಿ ಇಳಿದಿದ್ದೀರಲ್ಲ, ಅದು ನನಗೆ ಹೆಚ್ಚು ಬೇಸರ ತಂದಿತು.

ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಾಶಯದಲ್ಲಿ 10ರಿಂದ 20 ಲಕ್ಷ ಮೊಟ್ಟೆಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿಯುವುದು 3-4 ಲಕ್ಷ. ಆಮೇಲೂ ಪ್ರತಿ ತಿಂಗಳು ಒಂದಷ್ಟು ನಾಶವಾಗುತ್ತವೆ, ಸಾಮಾನ್ಯವಾಗಿ ಒಂದು ಮಾತ್ರ ಹೊರಬರುತ್ತದೆ. ಎಎಂಎಚ್ ಎಂಬುದು ಅಂಡಾಶಯದಲ್ಲಿ ಮೊಟ್ಟೆ ಬೆಳೆಯುವ ಸಣ್ಣ ಕೋಶಗಳಿಂದ (ಫಾಲಿಕಲ್) ಬರುವ ಹಾರ್ಮೋನ್. ಮೊಟ್ಟೆಗಳು ಹೆಚ್ಚಿವೆಯೋ ಕಡಿಮೆಯಿವೆಯೋ ಎಂಬ ಅಂದಾಜು ಅದರಿಂದ ಸಿಗುತ್ತದೆ. ಅವುಗಳ ಗುಣಮಟ್ಟ ಅದರಿಂದ ಗೊತ್ತಾಗುವುದಿಲ್ಲ. ಗುಣಮಟ್ಟ ಬಹುಮಟ್ಟಿಗೆ ವಯಸ್ಸಿಗೆ ಬಿಟ್ಟದ್ದು, ನಿಮಗಿನ್ನೂ 32. ಸಹಜವಾಗಿ ಗರ್ಭ ನಿಲ್ಲಲು ತಿಂಗಳಿಗೆ ಒಂದು ಒಳ್ಳೆಯ ಮೊಟ್ಟೆ ಸಾಕು, ಅಲ್ವಾ?

2017ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆಗಷ್ಟೇ ಮಗುವಿಗೆ ಪ್ರಯತ್ನ ಶುರುಮಾಡಿದ್ದ, 30ರಿಂದ 44 ವಯಸ್ಸಿನ 750 ಮಹಿಳೆಯರನ್ನು ಗಮನಿಸಿದರು. ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರು ಗರ್ಭ ಧರಿಸುವ ಸಾಧ್ಯತೆ ಉಳಿದವರಿಗಿಂತ ಕಡಿಮೆಯೇನೂ ಇರಲಿಲ್ಲ. ಇದನ್ನು ಆ ಕ್ಲಿನಿಕ್‌ನವರು ನಿಮಗೆ ಹೇಳಬೇಕಿತ್ತು. ಇನ್ನೊಂದು ಮಾತು, ಮಾತ್ರೆ ತೆಗೆದುಕೊಳ್ಳುವಾಗ ಈ ಅಂಕಿ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಇನ್ನೊಂದು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ. ಬೇರೆ ಬೇರೆ ಲ್ಯಾಬಿನ ಅಂಕಿಗಳನ್ನು ಹೋಲಿಸಿ ಸುಮ್ನೆ ಗಾಬರಿಯಾಗಬೇಡಿ. ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಸೋನೋಗ್ರಫಿ ಮಾಡಿ ಕೋಶಗಳನ್ನು ಎಣಿಸಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ.

ಹಾಗಂತ ಈ ಅಂಕಿಗೆ ಬೆಲೆಯೇ ಇಲ್ಲ ಎನ್ನಲಾರೆ. ಮುಂದೆ ಐವಿಎಫ್ ಬೇಕಾದರೆ, ಮೊಟ್ಟೆ ಬೆಳೆಸುವ ಇಂಜೆಕ್ಷನ್ ಕೊಟ್ಟಾಗ ಕಡಿಮೆ ಮೊಟ್ಟೆ ಸಿಗಬಹುದು. ಎರಡು ಮಕ್ಕಳು ಬೇಕೆಂದಿದ್ದರೆ ವರ್ಷಗಟ್ಟಲೆ ಮುಂದೂಡುವುದು ಬೇಡ. ತಾಯಿಗೆ ಬೇಗ ಮುಟ್ಟು ನಿಂತಿತ್ತೇ, ನಿಮ್ಮ ಅಂಡಾಶಯಕ್ಕೆ ಯಾವಾಗಲಾದರೂ ಆಪರೇಷನ್ ಆಗಿತ್ತೇ ಎನ್ನುವುದನ್ನು ಡಾಕ್ಟರಿಗೆ ತಪ್ಪದೆ ತಿಳಿಸಿ. 35ರ ಒಳಗಿನವರು ಒಂದು ವರ್ಷ ಪ್ರಯತ್ನಿಸಿ ಆಮೇಲೆ ತಪಾಸಣೆಗೆ ಹೋಗಬೇಕು ಎನ್ನುವುದು ವಾಡಿಕೆ. ನೀವು ಆರು ತಿಂಗಳಿಗೇ ಹೋಗಿ. ಮುಟ್ಟು ಏರುಪೇರಾದರೆ ಅಷ್ಟೂ ಕಾಯಬೇಡಿ. ಐವಿಎಫ್ ಕೆಟ್ಟದ್ದಲ್ಲ, ಆದರೆ ಎರಡೇ ತಿಂಗಳಿಗೆ, ಒಂದೇ ಅಂಕಿ ನೋಡಿ ಅದಕ್ಕೆ ಹಣ ಕಟ್ಟುವುದು ಬೇಡ. ಆ ಕ್ಲಿನಿಕ್‌ಗೆ ಸಂಬಂಧವಿಲ್ಲದ ಸ್ತ್ರೀರೋಗ ತಜ್ಞರೊಬ್ಬರ ಅಭಿಪ್ರಾಯ ಕೇಳಿ.

ಗಂಡನಿಗೆ ಹೇಳಿ. ಈ ವಾರವೇ ಹೇಳಿ. ತಪ್ಪೊಪ್ಪಿಗೆಯ ಹಾಗೆ ತಲೆತಗ್ಗಿಸಿ ಅಲ್ಲ. ‘ಹೀಗೊಂದು ರಿಪೋರ್ಟ್ ಬಂದಿದೆ, ನನಗೆ ಭಯವಾಗಿದೆ, ಡಾಕ್ಟರ್ ಹತ್ತಿರ ಇಬ್ಬರೂ ಹೋಗೋಣ’ ಅಂದರೆ ಸಾಕು. ತಪಾಸಣೆಗೆ ಹೋದಾಗ ಅವರ ವೀರ್ಯ ಪರೀಕ್ಷೆಯೂ ಆಗಲಿ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಆದರೂ ನಮ್ಮಲ್ಲಿ ಹೆಂಡತಿಗೆ ಹತ್ತು ಟೆಸ್ಟ್ ಆದಮೇಲೆ ಗಂಡನಿಗೆ ಒಂದು. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಅತ್ತೆಗೆ ಈ ಅಂಕಿ ತಿಳಿಯಬೇಕಾಗಿಲ್ಲ. ಅವರ ಪ್ರಶ್ನೆಗೆ ಮಗನೇ ಉತ್ತರಿಸಲಿ: ‘ಅಮ್ಮ, ವಿಶೇಷ ಇದ್ದರೆ ನಾವೇ ಹೇಳ್ತೇವೆ.’

ಅಂದಹಾಗೆ, ಫೋಲಿಕ್ ಆ್ಯಸಿಡ್ ಶುರುಮಾಡಿದ್ದೀರಾ? ಮಗುವಿಗೆ ಪ್ರಯತ್ನಿಸುವವರು ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕು. ಡಾಕ್ಟರನ್ನು ಕೇಳಿ ಇವತ್ತೇ ತರಿಸಿಕೊಳ್ಳಿ.