‘ನಿಮ್ಮ ಬಗ್ಗೆ ಹೇಳಿ’ ಅಂದರೆ ಮಾವನ ಅಂಗಡಿಯ ಕೆಲಸ ಹೇಳಬಹುದಾ?

ಊರು ಕಾರ್ಕಳ, ಬಿಕಾಂ ಮುಗಿದಿದೆ, ಮುಂದಿನ ವಾರ ಮಂಗಳೂರಿನಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಇಂಟರ್ವ್ಯೂ ಎಂದು ಬರೆದಿದ್ದೀರಿ. ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ವರ್ಷ ಸಂಜೆ ಹೊತ್ತು ಬಿಲ್ ಮಾಡಿದ್ದು ಬಿಟ್ಟರೆ ಬೇರೆ ಅನುಭವ ಇಲ್ಲ, ಅದನ್ನು ಹೇಳಿದರೆ ಸಣ್ಣದಾಗಿ ಕಾಣುತ್ತದಾ ಎಂದು ಕೇಳಿದ್ದೀರಿ.

ಇಲ್ಲ. ಅದನ್ನೇ ಹೇಳಿ. ಮೊದಲು ಹೇಳಿ.

ನಾನು ಮಂಗಳೂರಿನ ಬೈಕಂಪಾಡಿಯ ಒಂದು ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ನಾನೂ ಕೂತಿರುತ್ತೇನೆ. ಬರುವವರಲ್ಲಿ ಹೆಚ್ಚಿನವರು ಹೆಸರು, ಅಪ್ಪ ಅಮ್ಮನ ಕೆಲಸ, ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲಾ ಮಾರ್ಕು, ಕೊನೆಗೆ ‘ಹಾರ್ಡ್‌ವರ್ಕಿಂಗ್, ಪಂಕ್ಚುವಲ್’ ಎಂದು ಒಪ್ಪಿಸುತ್ತಾರೆ. ಮಾರ್ಕು ಬಯೋಡೇಟಾದಲ್ಲೇ ಇದೆ, ಅದು ನಮ್ಮ ಕೈಯಲ್ಲೇ ಇರುತ್ತದೆ. ಶ್ರಮಜೀವಿ ಹೌದಾ ಅಲ್ವಾ ಎಂದು ಬರೀ ಮಾತಿನಿಂದ ನಮಗೆ ಹೇಗೆ ಗೊತ್ತಾಗಬೇಕು?

ನನ್ನ ಮೊದಲ ಇಂಟರ್ವ್ಯೂನಲ್ಲಿ ನಾನೂ ಹೀಗೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನಡುವೆ ಒಂದು ಸಾಲು ಮರೆತು ಮಾತು ನಿಂತೇ ಹೋಯಿತು. ಆಗ ಅಲ್ಲಿದ್ದ ಹಿರಿಯರೊಬ್ಬರು, ‘ಕಾಲೇಜು ಬಿಟ್ಟ ಮೇಲೆ ಸಂಜೆ ಏನು ಮಾಡ್ತಿದ್ರಿ?’ ಎಂದು ಕೇಳಿದರು. ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದೆ, ರಾತ್ರಿ ಕ್ಯಾಶ್ ತಾಳೆಯಾಗದಿದ್ದರೆ ಎಲ್ಲಿ ತಪ್ಪಿದೆ ಎಂದು ಹುಡುಕಿಯೇ ಮನೆಗೆ ಹೋಗುತ್ತಿದ್ದೆ ಎಂದೆ. ಆಮೇಲೆ ಹತ್ತು ನಿಮಿಷ ಅದರ ಬಗ್ಗೆಯೇ ಮಾತಾಯಿತು. ಆ ಕೆಲಸ ಸಿಗಲಿಲ್ಲ. ಆದರೆ ಮುಂದಿನ ಇಂಟರ್ವ್ಯೂನಲ್ಲಿ ಕ್ಯಾಶ್ ಕೌಂಟರಿನಿಂದಲೇ ಶುರು ಮಾಡಿದೆ.

ನೀವು ಹೀಗೆ ಹೇಳಬಹುದು: ‘ನಾನು ಕಾರ್ಕಳದಿಂದ ಬಂದಿದ್ದೇನೆ. ಈ ವರ್ಷ ಬಿಕಾಂ ಮುಗಿಯಿತು. ಓದುವಾಗ ಎರಡು ವರ್ಷ ಸಂಜೆ ಒಂದು ಹಾರ್ಡ್‌ವೇರ್ ಅಂಗಡಿಯ ಬಿಲ್ಲಿಂಗ್ ನೋಡಿಕೊಂಡೆ. ಕಂಟ್ರಾಕ್ಟರುಗಳು ಸಾಮಾನು ಸಾಲಕ್ಕೆ ಒಯ್ಯುತ್ತಿದ್ದರು. ಯಾರಿಂದ ಎಷ್ಟು ಬರಬೇಕು ಎಂಬ ಲೆಕ್ಕ ನನ್ನದೇ ಆಗಿತ್ತು. ಅದು ಪುಸ್ತಕದಲ್ಲಿತ್ತು, ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಟ್ಯಾಲಿಗೆ ಹಾಕಿದೆ. ಈ ಕೆಲಸ ನನಗೆ ಹಿಡಿಸಿತು, ಇನ್ನೂ ದೊಡ್ಡ ಮಟ್ಟದಲ್ಲಿ ಕಲಿಯಬೇಕು ಎಂದು ಇಲ್ಲಿಗೆ ಬಂದೆ.’ ಇದರಲ್ಲಿ ನೀವು ಮಾಡದೇ ಇದ್ದದ್ದು ಏನಾದರೂ ಇದ್ದರೆ ತೆಗೆದುಬಿಡಿ. ನೀವು ಏನು ಹೇಳುತ್ತೀರೋ ಮುಂದಿನ ಪ್ರಶ್ನೆ ಅದರಿಂದಲೇ ಬರುತ್ತದೆ.

ಅಂಗಡಿ ಅಂದ ಕೂಡಲೇ ನಾನಾದರೆ ಜಿಎಸ್‌ಟಿ ಕೇಳುತ್ತೇನೆ. ತಿಂಗಳು ತಿಂಗಳು ರಿಟರ್ನ್ ಹಾಕುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ರೊಳಗೆ, ತೆರಿಗೆ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿ 20ರೊಳಗೆ. ವರ್ಷದ ವಹಿವಾಟು 5 ಕೋಟಿ ರೂಪಾಯಿವರೆಗೆ ಇದ್ದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಅವಕಾಶವೂ ಇದೆ. ಮಾವನ ಅಂಗಡಿಯದ್ದು ಯಾವ ಲೆಕ್ಕ ಎಂದು ತಿಳಿದುಕೊಂಡು ಹೋಗಿ.

ಇಷ್ಟು ಹೇಳಲು ಒಂದು ನಿಮಿಷ ಸಾಕು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಬಾಯಿಪಾಠ ಬೇಡ, ಬರುವ ವಿಷಯಗಳ ಕ್ರಮ ಮಾತ್ರ ನೆನಪಿರಲಿ. ಇಂಗ್ಲಿಷ್ ಬಗ್ಗೆ ಭಯ ಇದೆ ಅಂದಿದ್ದೀರಿ. ಮನೆಯಲ್ಲಿ ತುಳು ಮಾತಾಡುವವರಾದರೆ ಮೊದಲು ತುಳುವಿನಲ್ಲೇ ಅಕ್ಕನಿಗೋ ಗೆಳೆಯನಿಗೋ ಹೇಳಿ ನೋಡಿ. ಮಾತು ಸರಾಗವಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿಕೊಳ್ಳಿ. ಮೊದಲೇ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಮತ್ತೆ ಆ ‘ಹಾರ್ಡ್‌ವರ್ಕಿಂಗ್’ ಬಂದೇ ಬರುತ್ತದೆ.

ಪರಿಚಯದವರ ಹತ್ತಿರ ಕೆಲಸ ಕೇಳುವುದು ಹೇಗೆ ಎಂದೂ ಕೇಳಿದ್ದೀರಿ. ನಮ್ಮ ಕಡೆ ಅದು ನಡೆಯುವುದು ಮದುವೆ ಹಾಲ್‌ನಲ್ಲಿ, ದೇವಸ್ಥಾನದ ಬ್ರಹ್ಮಕಲಶ ಉತ್ಸವದ ಊಟದ ಸಾಲಿನಲ್ಲಿ. ‘ಈಗ ಏನು ಮಾಡ್ತಿದ್ದಿ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ‘ಸುಮ್ನೆ ಮನೆಯಲ್ಲಿದ್ದೇನೆ’ ಅನ್ನಬೇಡಿ. ‘ಬಿಕಾಂ ಆಯ್ತು ಮಾವ, ಟ್ಯಾಲಿ ಗೊತ್ತಿದೆ, ಅಂಗಡಿಯ ಲೆಕ್ಕ ನೋಡಿ ಅಭ್ಯಾಸ ಇದೆ. ಮಂಗಳೂರು ಕಡೆ ಅಕೌಂಟ್ಸಿಗೆ ಜನ ಬೇಕು ಅಂತ ಯಾರಾದ್ರೂ ಹೇಳಿದ್ರೆ ನನಗೊಂದು ಫೋನ್ ಮಾಡಿ’ ಎನ್ನಿ. ‘ಎಲ್ಲಾದ್ರೂ ಕೆಲಸ ಇದ್ರೆ ಹೇಳಿ’ ಅಂದರೆ ಅವರಿಗೆ ಯಾರ ಹತ್ತಿರ ಕೇಳುವುದೆಂದೇ ಹೊಳೆಯುವುದಿಲ್ಲ. ಅಕೌಂಟ್ಸ್, ಟ್ಯಾಲಿ, ಮಂಗಳೂರು ಅಂದರೆ ಯಾರೋ ಒಬ್ಬರು ನೆನಪಾಗುತ್ತಾರೆ.

ಇವತ್ತು ಸಂಜೆ ಅಂಗಡಿಗೆ ಹೋಗಿ ಮಾವನ ಹತ್ತಿರ ಕೂತು ಕೇಳಿ: ದಿನಕ್ಕೆ ಎಷ್ಟು ಬಿಲ್ ಆಗುತ್ತಿತ್ತು, ಎಷ್ಟು ಜನ ಸಾಲದ ಗಿರಾಕಿಗಳಿದ್ದರು, ನೀವು ಬಂದ ಮೇಲೆ ಲೆಕ್ಕದಲ್ಲಿ ಏನು ಸುಲಭವಾಯಿತು. ಅವರು ಹೇಳಿದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇಂಟರ್ವ್ಯೂ ದಿನ ಮೂಡುಬಿದಿರೆ ಮೇಲಾಗಿ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತಾಗ ಅದನ್ನೊಮ್ಮೆ ತೆಗೆದು ನೋಡಿದರೆ ಸಾಕು.